ಕಪ್ಪೆಚಿಪ್ಪು ನೋಡಿ ಹೊಳೆಯ ನೀರಿನ ಸ್ಥಿತಿ ತಿಳಿಯುವುದು ಹೇಗೆ: ಬೆಂಗಳೂರಿನ ಸುತ್ತಮುತ್ತ ಓಡಾಡುವವರಿಗೆ

ಹೊಳೆಯ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿಸಿದರೆ ಆ ದಿನದ, ಆ ಗಂಟೆಯ ಲೆಕ್ಕ ಸಿಗುತ್ತದೆ. ಹೋದ ಬೇಸಿಗೆಯಲ್ಲಿ ನೀರು ಎಷ್ಟು ಕೆಟ್ಟಿತ್ತು, ಹದಿನೈದು ವರ್ಷದ ಹಿಂದೆ ಇಲ್ಲಿ ಏನೇನು ಬದುಕಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು. ಕಪ್ಪೆಚಿಪ್ಪು ಅಂಥ ಸಾಕ್ಷಿ. ಅದರೊಳಗಿನ ಪ್ರಾಣಿ ಹೂಳಿನಲ್ಲಿ ಅರ್ಧ ಹೂತುಕೊಂಡು ಹೆಚ್ಚುಕಮ್ಮಿ ಒಂದೇ ಕಡೆ ವರ್ಷಗಟ್ಟಲೆ ಇರುತ್ತದೆ. ದಿನಕ್ಕೆ ಹತ್ತಾರು ಲೀಟರ್ ನೀರನ್ನು ಮೈಯೊಳಗೆ ಹಾಯಿಸಿ ಸೋಸಿಕೊಂಡು ತಿನ್ನುತ್ತದೆ. ಆ ನೀರಿನ ಸುಣ್ಣದಿಂದಲೇ ಚಿಪ್ಪು ಕಟ್ಟುತ್ತದೆ. ಪ್ರಾಣಿ ಸತ್ತ ಮೇಲೂ ಚಿಪ್ಪು ಹೂಳಿನಲ್ಲಿ ಉಳಿಯುತ್ತದೆ.

ಬೆಂಗಳೂರಿನವರಿಗೆ ಇದು ಇನ್ನೂ ಜಾಸ್ತಿ ಬೇಕಾದ ವಿಷಯ. 1890ರ ದಶಕದಲ್ಲಿ ಈ ಊರಿಗೆ ಕುಡಿಯುವ ನೀರು ಬಂದದ್ದು ಹೆಸರಘಟ್ಟದಿಂದ. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಸೇರಿಕೊಂಡಿತು. ಎರಡೂ ಅರ್ಕಾವತಿಯವೇ. ಬಸವನಗುಡಿಯ ದೊಡ್ಡ ಬಸವಣ್ಣನ ಹತ್ತಿರ ಹುಟ್ಟುವ ವೃಷಭಾವತಿ ಇವತ್ತು ಕೊಳಚೆ ಹೊತ್ತು ಬೈರಮಂಗಲದ ಕಡೆಗೆ ಹೋಗುತ್ತದೆ. ಊರಿನ ಪೂರ್ವ ಭಾಗದ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಈ ನೀರುಗಳು ಯಾವಾಗಿಂದ ಕೆಟ್ಟವು, ಎಲ್ಲಿ ಇನ್ನೂ ಪೂರ್ತಿ ಕೆಟ್ಟಿಲ್ಲ ಅನ್ನುವುದನ್ನು ಶಾಲೆಯ ಮೇಷ್ಟ್ರು, ಕೆರೆ ಕಾಯುವ ಗುಂಪಿನವರು, ಕಾಲೇಜು ಮಕ್ಕಳು ಸೇರಿ ಕಂಡುಕೊಳ್ಳಬಹುದು. ದೊಡ್ಡ ಖರ್ಚೇನೂ ಇಲ್ಲ.

ಮೊದಲು ಯಾವ ಚಿಪ್ಪು ಅಂತ ಗುರುತಿಸಿ

ನಮ್ಮ ಕೆರೆ, ಹೊಳೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್. ಉದ್ದನೆಯ ಆಕಾರ, ಹೊರಗೆ ಕಂದುಗಪ್ಪು, ಒಳಗೆ ಮುತ್ತಿನ ಹೊಳಪು. ಚೆನ್ನಾಗಿ ಬೆಳೆದದ್ದು 8 ಸೆಂಟಿಮೀಟರ್ ದಾಟುತ್ತದೆ. ಎರಡನೆಯದು ಪ್ಯಾರೇಸಿಯಾ ಜಾತಿಯವು. ಇವು ದುಂಡಗೆ, ದಪ್ಪಗೆ ಇರುತ್ತವೆ. ಕೀಲಿನ ಹತ್ತಿರ ಉಬ್ಬಿರುವ ಜಾಗದಲ್ಲಿ ಅಂಕುಡೊಂಕು ಗೆರೆಗಳ ಕೆತ್ತನೆ ಇರುತ್ತದೆ. ಆ ಉಬ್ಬಿಗೆ ಅಂಬೊ ಅನ್ನುತ್ತಾರೆ. ಚಿಪ್ಪಿನ ಅತಿ ಹಳೆಯ ಭಾಗ ಅದೇ, ಪ್ರಾಣಿ ಮರಿಯಾಗಿದ್ದಾಗ ಕಟ್ಟಿದ್ದು. ಮೂರನೆಯದು ಕಾರ್ಬಿಕ್ಯುಲಾ. ಎರಡು ಮೂರು ಸೆಂಟಿಮೀಟರಿನ ಚಿಕ್ಕ ಮುಕ್ಕೋನ, ಮೈತುಂಬ ಸಮನಾದ ಏಣುಗಳು.

ಮೊದಲಿನ ಎರಡನ್ನು ಮೂರನೆಯದರ ಜೊತೆ ಕಲಸಬೇಡಿ. ಲ್ಯಾಮೆಲಿಡೆನ್ಸ್, ಪ್ಯಾರೇಸಿಯಾ ಮರಿಗಳು ತಾಯಿಯ ಕಿವಿರಿನಿಂದ ಹೊರಬಿದ್ದ ಮೇಲೆ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ದಿನ ಬದುಕಬೇಕು. ಆಮೇಲೆ ಉದುರಿ ಹೂಳಿಗೆ ಸೇರುತ್ತವೆ. ಅಂದರೆ ಅವುಗಳ ಎಳೆಯ ಚಿಪ್ಪು ಸಿಕ್ಕಿತು ಅಂದರೆ ಅಲ್ಲಿ ತಕ್ಕ ಮೀನೂ ಇತ್ತು ಅಂತಾಯ್ತು. ಕಾರ್ಬಿಕ್ಯುಲಾಕ್ಕೆ ಮೀನಿನ ಹಂಗಿಲ್ಲ. ಹಾಗಾಗಿ ಕಾರ್ಬಿಕ್ಯುಲಾ ರಾಶಿ ಸಿಕ್ಕಿದ ಮಾತ್ರಕ್ಕೆ ಹೊಳೆ ಚೆನ್ನಾಗಿದೆ ಅಂತ ಬರೆಯಬೇಡಿ.

ಎಲ್ಲಿ, ಯಾವಾಗ ಹುಡುಕಬೇಕು

ಒಂದೇ ಜಾಗ ನೋಡಿದರೆ ಏನೂ ಹೇಳಕ್ಕಾಗಲ್ಲ. ಒಂದೇ ಹೊಳೆಯಲ್ಲಿ ಎರಡು ಜಾಗ ಆರಿಸಿಕೊಳ್ಳಿ, ಕೊಳಚೆ ಸೇರುವ ಮೊದಲು ಒಂದು, ಸೇರಿದ ಮೇಲೆ ಒಂದು. ಅರ್ಕಾವತಿಗೆ ವೃಷಭಾವತಿ ಕೂಡುವ ಜಾಗದ ಮೇಲೆ ಮತ್ತು ಕೆಳಗೆ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಎರಡೂ ಕಡೆ ತಳ ಒಂದೇ ಥರ ಇರಲಿ. ಒಂದು ಕಡೆ ಮರಳು, ಇನ್ನೊಂದು ಕಡೆ ಬಂಡೆ ಇದ್ದರೆ ವ್ಯತ್ಯಾಸ ನೀರಿನದೋ ತಳದ್ದೋ ಗೊತ್ತಾಗುವುದಿಲ್ಲ. ಕಾಂಕ್ರೀಟ್ ಹಾಕಿದ ರಾಜಕಾಲುವೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೂತುಕೊಳ್ಳಲು ಜಾಗವೇ ಇಲ್ಲದ ಕಡೆ ಚಿಪ್ಪು ಇಲ್ಲದಿರುವುದು ಯಾವ ಸುದ್ದಿಯೂ ಅಲ್ಲ.

ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ನೀರು ಇಳಿದಿರುತ್ತದೆ, ದಂಡೆ ಬಿಟ್ಟುಕೊಟ್ಟಿರುತ್ತದೆ. ಕೊಳಚೆ ಸೇರುವ ಕಡೆ ಗಮ್‌ಬೂಟು, ರಬ್ಬರ್ ಕೈಗವಸು ಇಲ್ಲದೆ ಇಳಿಯಬೇಡಿ. ಗಾಜು, ಸೂಜಿ ಇರುತ್ತವೆ, ಇಲಿಜ್ವರದ ಭಯವೂ ಇದೆ. ಮಂಚನಬೆಲೆ, ಸಂಗಮ, ಮೇಕೆದಾಟು ಕಡೆ ನೀರು ನೋಡಲು ಶಾಂತವಾಗಿದ್ದರೂ ಮೋಸದ್ದು. ಕಾವೇರಿಯಲ್ಲಿ ಮೊಸಳೆಯೂ ಇದೆ. ಮೊಣಕಾಲುದ್ದಕ್ಕಿಂತ ಆಳಕ್ಕೆ ಹೋಗುವ ಅಗತ್ಯ ಈ ಕೆಲಸಕ್ಕೆ ಇಲ್ಲ. ಕಾವೇರಿ ವನ್ಯಜೀವಿಧಾಮ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಖಾಲಿ ಚಿಪ್ಪನ್ನೂ ಎತ್ತಬೇಡಿ.

ಖಾಲಿ ಚಿಪ್ಪು ಮಾತ್ರ ತನ್ನಿ. ಜೀವ ಇರುವುದು ಸಿಕ್ಕರೆ ಅಳತೆ, ಫೋಟೊ ಬೇಗ ಮುಗಿಸಿ ಎತ್ತಿದ ಜಾಗದಲ್ಲೇ ಮಲಗಿಸಿ ಬಿಡಿ. ಅದು ತಾನೇ ಕಾಲು ಚಾಚಿ ಹೂತುಕೊಳ್ಳುತ್ತದೆ. ಇಲ್ಲಿ ಪಾಪ ಸಾಯುತ್ತೆ ಅಂತ ಬೇರೆ ಹೊಳೆಗೆ ಒಯ್ದು ಬಿಡುವುದು ಬೇಡವೇ ಬೇಡ.

ಹುಡುಕಾಟಕ್ಕೆ ಒಂದು ಕಟ್ಟು ಇರಲಿ. ದಂಡೆಯಲ್ಲಿ ಐವತ್ತು ಮೀಟರ್, ಇಬ್ಬರು, ಒಂದು ಗಂಟೆ. ಎರಡೂ ಜಾಗದಲ್ಲಿ ಅಷ್ಟೇ. ಕಣ್ಣಿಗೆ ದೊಡ್ಡವೇ ಬೀಳುತ್ತವೆ, ಅದಕ್ಕೆ ಕೊನೆಯ ಹದಿನೈದು ನಿಮಿಷ ಮರಳನ್ನು ಜರಡಿ ಹಿಡಿಯಿರಿ. ಏನೂ ಸಿಗದಿದ್ದರೆ "ಸೊನ್ನೆ" ಅಂತ ಬರೆದೇ ಬರಬೇಕು. ಸೊನ್ನೆ ಬರೆಯದೆ ಬಿಟ್ಟ ಪಟ್ಟಿಯಿಂದ ಮುಂದೆ ಯಾರಿಗೂ ಉಪಯೋಗವಿಲ್ಲ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ಚಿಪ್ಪು ಇಲ್ಲಿಗೆ ಬಂದದ್ದು ಹೇಗೆ? ಬಾಯ್ಕಳಕ ಹಕ್ಕಿ ಕಪ್ಪೆಚಿಪ್ಪು ಬಿಡಿಸಿ ತಿಂದು ಒಂದೇ ಕಡೆ ಗುಡ್ಡೆ ಹಾಕುತ್ತದೆ. ನೀರುನಾಯಿಯೂ ತಿನ್ನುತ್ತದೆ. ಪ್ರವಾಹ ಮೇಲಿನಿಂದ ಕೊಚ್ಚಿ ತರುತ್ತದೆ, ಆಗ ಅಂಚು ಸವೆದು, ಎರಡು ಹೋಳು ಬೇರೆಯಾಗಿರುತ್ತವೆ. ಕೆರೆಯ ಹೂಳು ತೆಗೆದು ಏರಿ ಮೇಲೆ ಸುರಿದಿದ್ದರೆ ಹಳೆಯದು ಹೊಸದು ಎಲ್ಲ ಕಲಸಿಹೋಗಿರುತ್ತದೆ. ಮನೆ ಕಟ್ಟಲು ತಂದ ಮರಳ ರಾಶಿಯಲ್ಲೂ ಚಿಪ್ಪು ಸಿಗುತ್ತದೆ, ಅಲ್ವಾ? ಅದು ಯಾವ ಹೊಳೆಯದೋ ಏನೋ. ಮಕ್ಕಳಿಗೆ ತೋರಿಸಲು ಬಲು ಚೆನ್ನ, ಅಧ್ಯಯನಕ್ಕೆ ಬೇಡ.

ಹೊಸದು, ಹಳೆಯದು, ತೀರಾ ಹಳೆಯದು

ಜಾಗದಲ್ಲೇ ಮೂರು ಚೀಲ ಮಾಡಿ. ಎರಡು ಹೋಳೂ ಕೀಲಿನ ರಬ್ಬರಿನಂಥ ಪಟ್ಟಿಯಿಂದ ಕೂಡಿಕೊಂಡಿವೆ, ಹೊರಸಿಪ್ಪೆ (ಚಿಪ್ಪಿನ ಮೇಲಿನ ತೆಳು ಕಂದು ಪದರ) ಪೂರ್ತಿ ಇದೆ, ಒಳಗೆ ಕನ್ನಡಿ ಹೊಳಪು ಇದೆ ಅಂದರೆ ಅದು ಇತ್ತೀಚೆಗೆ ಸತ್ತದ್ದು. ಹೋಳು ಬೇರೆಯಾಗಿದೆ, ಸಿಪ್ಪೆ ಅಲ್ಲಲ್ಲಿ ಕಿತ್ತಿದೆ, ಹೊಳಪು ಮಂಕು ಅಂದರೆ ಹಳೆಯದು. ಸಿಪ್ಪೆಯೇ ಇಲ್ಲ, ಒಳಗೂ ಹೊರಗೂ ಸೀಮೆಸುಣ್ಣದ ಬಿಳುಪು, ಉಗುರಿನಲ್ಲಿ ಗೀರಿದರೆ ಪುಡಿ ಬರುತ್ತದೆ ಅಂದರೆ ತೀರಾ ಹಳೆಯದು. ವರ್ಷ ಎಷ್ಟು ಅಂತ ಇದರಿಂದ ಹೇಳಲು ಬರುವುದಿಲ್ಲ. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದಷ್ಟೇ. ಸದ್ಯಕ್ಕೆ ಅಷ್ಟು ಸಾಕು, ಇಡೀ ಓದು ನಿಂತಿರುವುದೇ ಈ ಮೂರು ಚೀಲದ ಮೇಲೆ. (ರೇಡಿಯೊ ಕಾರ್ಬನ್ ಪರೀಕ್ಷೆ ಮಾಡಿಸೋಣ ಅನ್ನುವವರಿಗೆ ಒಂದು ಮಾತು: ಕಲ್ಲಿನಿಂದ ಕರಗಿ ಬಂದ ಹಳೆಯ ಇಂಗಾಲ ನೀರಿನ ಮೂಲಕ ಚಿಪ್ಪಿಗೆ ಸೇರಿದ್ದರೆ ಚಿಪ್ಪು ಇರುವುದಕ್ಕಿಂತ ಹಳೆಯದು ಅಂತ ಬರುತ್ತದೆ.)

ಪ್ರತಿ ಚೀಲದೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಹಾಕಿ. ಪೆನ್ನಿನ ಶಾಯಿ ಒದ್ದೆಗೆ ಕಲಸಿಹೋಗುತ್ತದೆ. ಜಾಗ, ಮೊಬೈಲಿನ ಜಿಪಿಎಸ್ ಅಂಕಿ, ತಾರೀಖು, ತಳ ಮರಳೋ ಹೂಳೋ, ಹಿಂದಿನ ವಾರ ಮಳೆ ಬಿತ್ತೋ ಇಲ್ಲವೋ, ಇಷ್ಟು ಇರಲಿ.

ತೊಳೆಯುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬ್ಲೀಚಿಂಗ್ ಪುಡಿ, ವಿನೆಗರ್, ನಿಂಬೆಹಣ್ಣು, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ತಾಗಬಾರದು. ಚಿಪ್ಪು ಅಂದರೆ ಸುಣ್ಣ, ಹುಳಿ ತಾಗಿದರೆ ಕರಗುತ್ತದೆ. ಬ್ಲೀಚು ಹೊರಸಿಪ್ಪೆಯನ್ನು ತಿಂದುಹಾಕುತ್ತದೆ. ಸಾದಾ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ತಾಳ್ಮೆ ಸಾಕು. ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಹೊರಸಿಪ್ಪೆ ಸೆಟೆದು ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಎದ್ದುಬರುತ್ತದೆ, ಜೊತೆಗೆ ಹೊರಗಿನ ಗೆರೆಗಳೂ ಹೋಗುತ್ತವೆ. ಪ್ರದರ್ಶನಕ್ಕೆ ಇಡುವ ಚಿಪ್ಪಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸಿಪ್ಪೆ ಬಿರಿಯುವುದಿಲ್ಲ. ಪ್ರಯೋಗಾಲಯಕ್ಕೆ ಕಳಿಸುವ ಚಿಪ್ಪಿಗೆ ಮಾತ್ರ ಏನೂ ಸವರಬೇಡಿ, ಬಿಸಿನೀರಲ್ಲೂ ಕುದಿಸಬೇಡಿ.

ಅಳತೆ ಮತ್ತು ಮರಿಗಳ ಲೆಕ್ಕ

ಎಸ್.ಪಿ. ರಸ್ತೆಯಲ್ಲಿ ಸಿಗುವ ಡಿಜಿಟಲ್ ವರ್ನಿಯರ್ ತಗೊಳ್ಳಿ. ಪ್ರತಿ ಚಿಪ್ಪಿನ ಉದ್ದ, ಎತ್ತರ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಆಮೇಲೆ 10 ಮಿಲಿಮೀಟರಿಗೆ ಒಂದರಂತೆ ಕಂಬ ಹಾಕಿ, ಆ ಅಳತೆಯ ಚಿಪ್ಪು ಎಷ್ಟೋ ಕಂಬ ಅಷ್ಟೆತ್ತರ, ಮೂರು ಚೀಲಕ್ಕೂ ಬೇರೆ ಬೇರೆ ಚಿತ್ರ ಬರೆಯಿರಿ. ಚೌಕದ ನೋಟ್‌ಬುಕ್ಕಿನಲ್ಲೇ ಆಗುತ್ತದೆ.

ಈ ಚಿತ್ರವನ್ನು ಕೂತು ನೋಡಿ. ತೀರಾ ಹಳೆಯ ಚೀಲದಲ್ಲಿ ಎಲ್ಲ ಅಳತೆಯವೂ ಇವೆ, ಹೊಸ ಚೀಲದಲ್ಲಿ ಬರೀ 70 ಮಿಲಿಮೀಟರ್ ಮೇಲಿನವು ಅಂದುಕೊಳ್ಳಿ. ಒಂದು ಕಾಲದಲ್ಲಿ ಇಲ್ಲಿ ಸಂತಾನ ಆಗುತ್ತಿತ್ತು, ಈಗ ಹಳಬರು ಮಾತ್ರ ಉಳಿದಿದ್ದಾರೆ, ಹೊಸ ಮರಿ ಉಳಿಯುತ್ತಿಲ್ಲ. ನೀರು ನೋಡಿದರೆ ತಿಳಿ ಇರಬಹುದು, ಜೀವ ಇರುವ ಚಿಪ್ಪೂ ಸಿಕ್ಕಿರಬಹುದು. ಆದರೂ ಆ ಜಾಗ ಒಳಗೊಳಗೇ ಖಾಲಿಯಾಗುತ್ತಿದೆ. ದೊಡ್ಡವು ವರ್ಷಗಟ್ಟಲೆ ಬದುಕುವುದರಿಂದ ಇದು ಸುಮ್ನೆ ನೋಡುವವರಿಗೆ ಬೇಗ ತಿಳಿಯುವುದಿಲ್ಲ. ಬೆಂಗಳೂರಿನ ಸುತ್ತ ಚಿಪ್ಪು ನೋಡುವವರು ಮೊದಲು ಹುಡುಕಬೇಕಾದದ್ದು ಇದನ್ನೇ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಲೋಹ, ಐಸೊಟೋಪು (ಒಂದೇ ಧಾತುವಿನ ಹಗುರ, ಭಾರದ ಬಗೆಗಳು) ಎಲ್ಲ ಆಮೇಲೆ.

ಒಂದು ಎಚ್ಚರ: ಎಳೆಯ ಚಿಪ್ಪು ತೆಳ್ಳಗಿರುತ್ತದೆ, ಬೇಗ ಪುಡಿಯಾಗುತ್ತದೆ. ಜರಡಿ ಹಿಡಿಯದೆ "ಮರಿ ಇಲ್ಲ" ಅಂತ ತೀರ್ಮಾನಕ್ಕೆ ಬರಬೇಡಿ.

ಮರಿ ಯಾಕೆ ಇಲ್ಲ: ಅಮೋನಿಯ ನೋಡಿ

ಮರಿ ಮೊದಲಿನ ದಿನಗಳನ್ನು ಹೂಳಿನ ಒಳಗೇ ಕಳೆಯುತ್ತದೆ. ಕೊಳಚೆ ಕೊಳೆಯುವುದೂ ಅಲ್ಲೇ, ಅಮೋನಿಯ ಹುಟ್ಟುವುದೂ ಅಲ್ಲೇ. ಸಿಹಿನೀರಿನ ಕಪ್ಪೆಚಿಪ್ಪಿಗೆ ಅಮೋನಿಯ ಅಂದರೆ ಅನೇಕ ಮೀನುಗಳಿಗಿಂತ ಜಾಸ್ತಿ ವಿಷ. ಅಮೆರಿಕದ ಪರಿಸರ ಸಂಸ್ಥೆ 2013ರಲ್ಲಿ ಸಿಹಿನೀರಿನ ಅಮೋನಿಯ ಮಿತಿಯನ್ನು ಬಿಗಿ ಮಾಡಿದ್ದಕ್ಕೆ ಇದೂ ಮುಖ್ಯ ಕಾರಣ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) 7, ಉಷ್ಣತೆ 20 ಡಿಗ್ರಿ ಇರುವಾಗ ದೀರ್ಘಕಾಲಕ್ಕೆ ಲೀಟರಿಗೆ 1.9 ಮಿಲಿಗ್ರಾಂ ಒಟ್ಟು ಅಮೋನಿಯ ಸಾರಜನಕ ಅಂತ ಅವರು ಇಟ್ಟರು.

ಅಕ್ವೇರಿಯಂ ಅಂಗಡಿಯ ಅಮೋನಿಯ ಕಿಟ್, ಪಿಎಚ್ ಕಿಟ್ ಎರಡೂ ಒಟ್ಟಿಗೆ ಬೇಕು. ಒಂದೇ ಇದ್ದರೆ ಸಾಲದು. ಕಿಟ್ ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ಕೊಲ್ಲುವ ಭಾಗ ಬಿಡಿ ಅಮೋನಿಯ, ಅದು ಎಷ್ಟಿರುತ್ತದೆ ಅನ್ನುವುದು ಪಿಎಚ್ ಮತ್ತು ಬಿಸಿಯ ಮೇಲೆ ಹೋಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಸುಮಾರು 0.6 ಭಾಗ, 8 ಇದ್ದರೆ ಸುಮಾರು 5.4, 9 ಇದ್ದರೆ ಸುಮಾರು 36. ಕಿಟ್ಟಿನಲ್ಲಿ 2 ಮಿಲಿಗ್ರಾಂ ಬಂತು ಅಂತಿಟ್ಟುಕೊಳ್ಳಿ. ಪಿಎಚ್ 7ರಲ್ಲಿ ಬಿಡಿ ಅಮೋನಿಯ ಸುಮಾರು 0.012 ಮಿಲಿಗ್ರಾಂ. ಪಿಎಚ್ 9ರಲ್ಲಿ 0.7. ಅದೇ ನೀರು, ಅದೇ ಅಂಕಿ, ಅರವತ್ತು ಪಟ್ಟು ಹತ್ತಿರದ ವ್ಯತ್ಯಾಸ.

ನಮ್ಮ ಕೆರೆಗಳಿಗೆ ಇದು ನೇರವಾಗಿ ತಾಗುತ್ತದೆ. ಕೊಳಚೆಯಿಂದ ಪಾಚಿ ಬೆಳೆದು ಹಸಿರಾದ ನೀರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಾಚಿ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಪಿಎಚ್ ಏರಿಸುತ್ತದೆ. ಆಗ ಅಮೋನಿಯ ವಿಷವಾಗುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ತಿನ್ನುತ್ತದೆ, ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ. ಹಾಗಾಗಿ ಅಮೋನಿಯ, ಪಿಎಚ್ ಮಧ್ಯಾಹ್ನ ಮೂರರ ಹೊತ್ತಿಗೆ ನೋಡಿ. ಆಮ್ಲಜನಕ ಸೂರ್ಯ ಹುಟ್ಟುವ ಮೊದಲು ನೋಡಿ. ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಎರಡನ್ನೂ ಅಳೆದು ಬಂದರೆ ಎರಡೂ ಚೆನ್ನಾಗಿಯೇ ಕಾಣುತ್ತವೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ದರ್ಜೆ, ಅಂದರೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ತಕ್ಕ ನೀರು, ಬಿಡಿ ಅಮೋನಿಯ 1.2 ಮಿಲಿಗ್ರಾಂ ತನಕ ಒಪ್ಪುತ್ತದೆ. ಆಮ್ಲಜನಕ 4 ಮಿಲಿಗ್ರಾಂಗೆ ಕಮ್ಮಿ ಇರಬಾರದು ಅನ್ನುತ್ತದೆ. ಮೇಲಿನ 0.7 ಈ ಮಿತಿಯೊಳಗೇ ಬಂತು ನೋಡಿ. ಕಪ್ಪೆಚಿಪ್ಪಿನ ಮರಿಗೆ ಆ ಮಿತಿ ಬಹಳ ಸಡಿಲ. ವರದಿಯಲ್ಲಿ ನೀರು 'ಡಿ' ದರ್ಜೆ ಅಂತ ಬಂದರೂ ಚಿಪ್ಪಿನ ಚಿತ್ರದಲ್ಲಿ ಮರಿ ಇಲ್ಲ ಅಂದರೆ ನೀವು ಚಿಪ್ಪನ್ನು ನಂಬಿ ಹುಡುಕಾಟ ಮುಂದುವರಿಸಿ. ಹತ್ತಿರದ ಮೀನು ಹಿಡಿಯುವವರನ್ನೂ ಮಾತಾಡಿಸಿ. ಯಾವ ಮೀನು ಹೋಯಿತು, ಯಾವುದು ಬಂತು ಅಂತ ಅವರಿಗೆ ಗೊತ್ತಿರುತ್ತದೆ. ಅಂಟಿಕೊಳ್ಳಲು ಮೀನೇ ಇಲ್ಲದಿದ್ದರೆ ನೀರು ಸರಿಯಿದ್ದರೂ ಮರಿ ಆಗುವುದಿಲ್ಲ.

ಹೊರಮೈ ಓದುವುದು

ಅಂಬೊ ಸವೆದು ಬಿಳಿ ಬಿದ್ದಿದ್ದರೆ ನೀರಿನಲ್ಲಿ ಹುಳಿ ಜಾಸ್ತಿ, ಸುಣ್ಣ ಕಮ್ಮಿ ಇದ್ದಿರಬಹುದು. ಮರಳು ಉಜ್ಜಿದ್ದರಿಂದಲೂ ಆಗಬಹುದು. ಸವೆತ ನುಣುಪಾಗಿದ್ದರೆ ಮರಳಿನದು, ಗುಳಿ ಗುಳಿಯಾಗಿದ್ದರೆ ಕರಗಿದ್ದು ಅಂತ ಅಂದಾಜು ಮಾಡಬಹುದು. ಚಿಪ್ಪಿನ ಮೇಲೆ ಮಸಿಯಂಥ ಕಪ್ಪು, ತೆಗೆದ ಹೂಳಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಆ ಹೂಳಿನಲ್ಲಿ ಆಮ್ಲಜನಕ ಇಲ್ಲ. ಆದರೆ ಕಪ್ಪು ಸತ್ತ ಮೇಲೂ ಹತ್ತುತ್ತದೆ, ಹಾಗಾಗಿ ಅದು ಹೂಳಿನ ಸ್ಥಿತಿ ಹೇಳುತ್ತದೆಯೇ ಹೊರತು ಸಾವಿನ ಕಾರಣವನ್ನಲ್ಲ.

ಕೊಯ್ದು ನೋಡುವುದು

ಹೊರಗಿನ ಗೆರೆ ಎಣಿಸಿ ವಯಸ್ಸು ಹೇಳುವವರನ್ನು ನಂಬಬೇಡಿ. ಪ್ರಾಣಿ ಹೆದರಿ ಒಂದು ವಾರ ಮುಚ್ಚಿಕೊಂಡರೂ ಹೊರಗೆ ಗೆರೆ ಬೀಳುತ್ತದೆ. ಕೊಯ್ದು ಒಳಗೆ ನೋಡಬೇಕು.

ಚಿಪ್ಪಿನ ಮೇಲೆ ಅಂಬೊದಿಂದ ಎದುರಿನ ಅಂಚಿನ ತನಕ, ಅತಿ ಉದ್ದ ಬೆಳೆದ ದಿಕ್ಕಿನಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯ ಎರಡೂ ಪಕ್ಕ ಅರಾಲ್ಡೈಟ್ ಬಳಿದು ಒಂದು ದಿನ ಬಿಡಿ, ಇಲ್ಲದಿದ್ದರೆ ಕೊಯ್ಯುವಾಗ ಚಿಪ್ಪು ಸೀಳಿಹೋಗುತ್ತದೆ. ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕಲ್ಲು ಕೊಯ್ಯುವ ತೆಳು ವಜ್ರದ ಗರಗಸ ಇದ್ದರೆ ಉತ್ತಮ. ನೀರು ಬಿಟ್ಟುಕೊಂಡೇ ಕೊಯ್ಯಬೇಕು, ಮಾಸ್ಕ್ ಹಾಕಿರಬೇಕು. ಒಣ ಪುಡಿ ಎದೆಗೆ ಒಳ್ಳೆಯದಲ್ಲ. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಉಜ್ಜುವ ಉಪ್ಪುಕಾಗದ ತಂದು ಗಾಜಿನ ಮೇಲೆ ಇಟ್ಟು 400, 800, 1200, 2000 ಈ ಕ್ರಮದಲ್ಲಿ ಉಜ್ಜಿ. ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವಾಗ ಚಿಪ್ಪನ್ನು ತೊಳೆಯಿರಿ, ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಗೀರು ಪೂರ್ತಿ ಮಾಯವಾಗುವ ತನಕ ಮುಂದಕ್ಕೆ ಹೋಗಬೇಡಿ.

ಈಗ ಚಿನ್ನದ ಕೆಲಸದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲೋ ಸೂಕ್ಷ್ಮದರ್ಶಕದಲ್ಲೋ ನೋಡಿ. ದೀಪ ಓರೆಯಾಗಿ ಬೀಳಲಿ. ಮೇಲೆ ಕೂದಲೆಳೆಯಷ್ಟು ಕಂದು ಪದರ, ಅದು ಹೊರಸಿಪ್ಪೆ. ಅದರ ಕೆಳಗೆ ನಿಂತ ಕಂಬಗಳು ಒತ್ತಾಗಿ ಸೇರಿದಂತೆ ಕಾಣುವ ಪದರ. ಅದರ ಕೆಳಗೆ ದಪ್ಪನೆಯ ಮುತ್ತಿನ ಪದರ. ಇವುಗಳ ನಡುವೆ ಓರೆಯಾಗಿ ಕಪ್ಪು ಗೆರೆಗಳು ಹಾಯ್ದಿರುತ್ತವೆ. ಹೊರಸಿಪ್ಪೆಯಿಂದ ಶುರುವಾಗಿ ಕಂಬದ ಪದರ ದಾಟಿ ಮುತ್ತಿನ ಪದರದೊಳಗೂ ಮುಂದುವರಿಯುವ ಗೆರೆ ದೊಡ್ಡ ನಿಲುಗಡೆ. ಅರ್ಧಕ್ಕೇ ಮಾಯವಾಗುವುದು ಸಣ್ಣ ತೊಂದರೆ. ಎರಡು ದೊಡ್ಡ ಗೆರೆಗಳ ನಡುವಿನ ಅಂತರ ಆ ಅವಧಿಯ ಬೆಳವಣಿಗೆ. ಅಂತರ ವಯಸ್ಸಿನ ಜೊತೆ ಕಮ್ಮಿಯಾಗುವುದು ಸಹಜ. ಒಂದು ಜಾಗದ ಎಲ್ಲ ಚಿಪ್ಪಿನಲ್ಲೂ, ವಯಸ್ಸು ಎಷ್ಟೇ ಇರಲಿ, ಕೊನೆಯಿಂದ ಎರಡನೆಯ ಅಂತರವೇ ಕಿರಿದು ಅಂದರೆ ಅದು ನೀರಿನ ಸುದ್ದಿ.

ಪ್ರಾಣಿ ಬಿಗಿಯಾಗಿ ಮುಚ್ಚಿಕೊಂಡಾಗ ಒಳಗೆ ಆಮ್ಲಜನಕ ಮುಗಿಯುತ್ತದೆ. ಮೈಯಲ್ಲಿ ಹುಳಿ ಹುಟ್ಟುತ್ತದೆ. ಆ ಹುಳಿಯನ್ನು ತಣಿಸಲು ತನ್ನದೇ ಚಿಪ್ಪಿನ ಒಳಪದರವನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ. ಒಳಗಿನ ಕೆಲವು ಗೆರೆಗಳು ಹೀಗೆ ಬಿದ್ದವು. ಕೆಟ್ಟ ದಿನಗಳನ್ನು ದಾಟಲು ಆ ಜೀವ ತನ್ನ ಮನೆಯನ್ನೇ ತಿಂದ ಗುರುತು ಅದು.

ಗೆರೆ ಅಂದರೆ ವರ್ಷವೇ?

ಚಳಿ ದೇಶಗಳಲ್ಲಿ ಹೌದು, ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವುದರಿಂದ ವರ್ಷಕ್ಕೊಂದು ಗೆರೆ. ಬೆಂಗಳೂರಿನ ಚಳಿ ಅಷ್ಟು ಗಟ್ಟಿಯದಲ್ಲ. ಇಲ್ಲಿ ಬೇಸಿಗೆಯ ಬತ್ತುವಿಕೆ, ಮಳೆಗಾಲದ ಕೆಂಪು ನೀರು, ಮೊಟ್ಟೆ ಇಡುವ ಕಾಲ ಯಾವುದರಿಂದಲೂ ಗೆರೆ ಬೀಳಬಹುದು. ವರ್ಷಕ್ಕೆ ಎರಡು ಬಿದ್ದರೂ ಆಶ್ಚರ್ಯವಿಲ್ಲ. ಅದಕ್ಕೆ ಬೇರೆ ದೇಶದ ಲೆಕ್ಕ ತಂದು ಇಲ್ಲಿಗೆ ಅಂಟಿಸಬಾರದು. ಆಗ ತಾನೇ ಸತ್ತ ಚಿಪ್ಪನ್ನು ಜನವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ಒಂದೇ ಜಾಗದಿಂದ ತನ್ನಿ. ಕೊನೆಯ ಗೆರೆಗೂ ಅಂಚಿಗೂ ನಡುವೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. ಯಾವ ತಿಂಗಳಲ್ಲಿ ಗೆರೆ ಅಂಚಿನಲ್ಲೇ ಇದೆಯೋ ಅದು ಗೆರೆ ಬೀಳುವ ಕಾಲ. ಒಂದು ವರ್ಷ ಹಿಡಿಯುತ್ತದೆ. ಆ ವರ್ಷ ಕಾಯದೆ ವಯಸ್ಸು ಬರೆಯಬೇಡಿ.

ಪ್ರಯೋಗಾಲಯ ಸಿಕ್ಕರೆ

ಚಿಪ್ಪಿನ ಆಮ್ಲಜನಕ ಐಸೊಟೋಪು ನೀರಿನ ಬಿಸಿ ಹೇಳುತ್ತದೆ ಅಂತ ಓದಿರುತ್ತೀರಿ. ಸುಮಾರು 4.3 ಡಿಗ್ರಿ ಬದಲಾದರೆ ಸಾವಿರಕ್ಕೆ 1ರಷ್ಟು ವ್ಯತ್ಯಾಸ. ನಮ್ಮಲ್ಲಿ ಮಳೆ ಬಂದಾಗ ಹಗುರ ಐಸೊಟೋಪಿನ ನೀರು ಬರುತ್ತದೆ, ಬೇಸಿಗೆಯಲ್ಲಿ ಆವಿಯಾಗಿ ಉಳಿದ ನೀರು ಭಾರವಾಗುತ್ತದೆ. ಈ ಏರಿಳಿತ ಬಿಸಿಯ ಸುದ್ದಿಯನ್ನು ಮುಚ್ಚಿಹಾಕಿಬಿಡುತ್ತದೆ. ಥರ್ಮಾಮೀಟರ್ ಆಗಿ ಇದು ನಮಗೆ ಅಷ್ಟು ಉಪಯೋಗವಿಲ್ಲ. ಮಳೆಗಾಲ ಯಾವುದು, ಬೇಸಿಗೆ ಯಾವುದು ಅಂತ ಚಿಪ್ಪಿನೊಳಗೆ ಗುರುತು ಹಾಕಲು ಮಾತ್ರ ಬಹಳ ಚೆನ್ನ. ಮೇಲಿನ ಗೆರೆಯ ಪ್ರಶ್ನೆಯೂ ಇದರಿಂದ ಬಗೆಹರಿಯುತ್ತದೆ. ಇಂಥ ಐಸೊಟೋಪು ಅಳೆಯುವ ಯಂತ್ರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ನಿಮ್ಮ ಕಾಲೇಜಿನ ಪ್ರಾಧ್ಯಾಪಕರ ಮೂಲಕ ಕೇಳುವುದು ದಾರಿ.

ಪೀಣ್ಯದ ಕಾರ್ಖಾನೆಗಳ ಕಡೆಯ ನೀರು ಸೇರುವ ಹೊಳೆಗಳಲ್ಲಿ ಲೋಹ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಲೋಹ ಹೆಚ್ಚು ಸೇರುವುದು ಪ್ರಾಣಿಯ ಮೆತ್ತಗಿನ ಮೈಯಲ್ಲಿ, ಚಿಪ್ಪಿನಲ್ಲಿ ಕಮ್ಮಿ. ಚಿಪ್ಪಿನಲ್ಲಿ ನೋಡುವುದಾದರೆ ಮ್ಯಾಂಗನೀಸ್ ನೋಡಿಸಿ. ಆಮ್ಲಜನಕ ಕಮ್ಮಿಯಾದ ಹೂಳಿನಿಂದ ಅದು ಕರಗಿ ನೀರಿಗೆ ಬರುತ್ತದೆ, ಚಿಪ್ಪಿಗೂ ಸೇರುತ್ತದೆ. ಗೆರೆ ಕಿರಿದಾದ ಕಡೆಯೇ ಮ್ಯಾಂಗನೀಸ್ ಏರಿದ್ದರೆ ಉಸಿರುಕಟ್ಟಿದ ನೀರಿನ ಅನುಮಾನ ಗಟ್ಟಿಯಾಗುತ್ತದೆ.

ಚಿಪ್ಪನ್ನು ಜೋಪಾನ ಮಾಡುವುದು

ಒಂದು ಹೋಳನ್ನು ಕೊಯ್ದರೆ ಅದರ ಜೋಡಿಯನ್ನು ಹಾಗೇ ಇಡಿ. ಇಪ್ಪತ್ತು ವರ್ಷದ ಮೇಲೆ ಹೊಸ ಪರೀಕ್ಷೆ ಬಂದಾಗ ಯಾರಿಗಾದರೂ ಬೇಕಾಗುತ್ತದೆ. ಮರದ ಡಬ್ಬಿ ಬೇಡ, ಕೆಲವು ಮರದಿಂದ ಬರುವ ಹುಳಿ ಆವಿ ಚಿಪ್ಪನ್ನು ನಿಧಾನಕ್ಕೆ ತಿನ್ನುತ್ತದೆ. ಪ್ಲಾಸ್ಟಿಕ್ ಡಬ್ಬಿ, ಒಳಗೆ ಅದೇ ಪೆನ್ಸಿಲ್ ಚೀಟಿ.

ಸಿಕ್ಕದ್ದನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸಿ. ಹೊರಮೈ, ಒಳಮೈ, ಕೀಲಿನ ಹಲ್ಲು ಮೂರರ ಫೋಟೊವೂ ಇರಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಕೀಲು ಕಾಣದ ಫೋಟೊದಿಂದ ಜಾತಿ ಹೇಳುವುದು ತಿಳಿದವರಿಗೂ ಕಷ್ಟ. ಹೊಸದೋ ಹಳೆಯದೋ ತೀರಾ ಹಳೆಯದೋ ಅನ್ನುವುದನ್ನೂ ಟಿಪ್ಪಣಿಯಲ್ಲಿ ಬರೆಯಿರಿ.